ಶಿಬಿರದಾಗ ನೂರಾರು ಯೂನಿಟ್ ರಕ್ತ, ವಾರ್ಡಿನಾಗ ಪ್ಲೇಟ್‌ಲೆಟ್ ಇಲ್ಲ: ಲೆಕ್ಕ ತಪ್ಪೋದು ಎಲ್ಲೆ?

ಮಳಿಗಾಲ ಹಿಡೀತು ಅಂದ್ರ ನಮ್ಮ ಕಡೆ ಎರಡು ಥರದ ಸುದ್ದಿ ಒಂದರ ಬೆನ್ನಿಗೊಂದು ಬರ್ತಾವ. ಇಂಥಾ ನಾಯಕರ ಹುಟ್ಟುಹಬ್ಬಕ್ಕ ರಕ್ತದಾನ ಶಿಬಿರ, ಇಷ್ಟು ನೂರು ಯೂನಿಟ್ ಸಂಗ್ರಹ ಅಂತ ಒಂದು. ಅದರ ಮಗ್ಗಲದಾಗ ಡೆಂಗ್ಯೂ ಪೇಷಂಟ್‌ಗೆ ಪ್ಲೇಟ್‌ಲೆಟ್ ಸಿಗವಲ್ದು, ಹುಬ್ಬಳ್ಳಿ ಎಲ್ಲಾ ಸುತ್ತಾಡಿದ್ರೂ ಇಲ್ಲ ಅಂತಾರ, ದಯವಿಟ್ಟು ಶೇರ್ ಮಾಡ್ರಿ ಅಂತ ಇನ್ನೊಂದು. ಇವೆರಡರ ನಡುವ ಆಗಾಗ ಮೂರನೇದೂ ಬರ್ತೈತಿ, ಅವಧಿ ಮುಗಿದ ಪ್ಲೇಟ್‌ಲೆಟ್ ಚೀಲ ಎಸೆದ್ರು ಅಂತ. ಈ ಮೂರನ್ನೂ ಒಟ್ಟಿಗೆ ಓದಿದ ಮಂದಿಗೆ ತಲಿ ಕೆಡದ ಇನ್ನೇನಾದೀತು, ಕೊಟ್ಟ ರಕ್ತ ಎಲ್ಲಿ ಹೋತು, ಯಾರು ತಿಂದ್ರು, ಇದ್ರೂ ಇಲ್ಲ ಅಂತಾರೇನು ಅಂತ ಕಾಮೆಂಟ್ ಬಾಕ್ಸ್ ತುಂಬತಾವ.

ಕಳ್ಳತನ ಎಲ್ಲೂ ಇಲ್ಲ ಅಂತ ಹೇಳಾಕಾಗಂಗಿಲ್ಲ. ಆದ್ರ ಈ ಮೂರೂ ಸುದ್ದಿ ಒಂದೇ ವಾರದಾಗ, ಒಂದೇ ಊರಾಗ, ಯಾರೂ ಏನೂ ಮೋಸ ಮಾಡದೇನೂ ನಿಜ ಆಗಿರಬಹುದು. ಯಾಕಂದ್ರ ಪ್ಲೇಟ್‌ಲೆಟ್ ಅನ್ನೋದು, ಅಂದ್ರ ರಕ್ತ ಸೋರೋದನ್ನ ತಡೆಯೋ ಸಣ್ಣ ಕಣ, ಕೂಡಿಡೋ ಮಾಲ್ ಅಲ್ಲ. ಬ್ಯಾಡಗಿ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ನಾಗ ಇಟ್ಟು ರೇಟ್ ಬರೋತನ ಕಾಯಬಹುದು. ಇದು ಹೂವಿನ ಬಾಜಾರ ಇದ್ದಂಗ, ಇವತ್ತಿನ ಸೇವಂತಿಗಿ ಮುಂದಿನ ವಾರದ ಮದವಿಗೆ ಬರಂಗಿಲ್ಲ.

ಒಂದು ಚೀಲ, ಮೂರು ಸಾಮಾನು

ನಾವು ಕೊಡೋದು 350 ಇಲ್ಲಾ 450 ಎಂಎಲ್ ರಕ್ತ. ಕಾಂಪೊನೆಂಟ್ ಮಾಡೋ, ಅಂದ್ರ ರಕ್ತದ ಭಾಗ ಬ್ಯಾರೆ ಬ್ಯಾರೆ ಮಾಡೋ ಸೌಕರ್ಯ ಇರೋ ರಕ್ತ ಕೇಂದ್ರದಾಗ ಅದನ್ನ ಸೆಂಟ್ರಿಫ್ಯೂಜ್ ಮಷಿನ್‌ನಾಗ ಗರಗರ ತಿರುಗಿಸ್ತಾರ, ಭಾರ ಇರೋ ಕೆಂಪು ಕಣ ತಳಕ್ಕ ಕೂಡತಾವ, ಹಳದಿ ಪ್ಲಾಸ್ಮಾ ಮ್ಯಾಲೆ ನಿಲ್ಲತೈತಿ, ಪ್ಲೇಟ್‌ಲೆಟ್ ಪ್ಲಾಸ್ಮಾದ ಜೋಡಿ ಬೇರೆ ಚೀಲಕ್ಕ ಬಂದು ಇನ್ನೊಮ್ಮೆ ತಿರುಗಿದ ಮ್ಯಾಲೆ ಬ್ಯಾರೆ ಆಗ್ತಾವ.

ಇಲ್ಲಿಂದ ಮೂರಕ್ಕೂ ಮೂರು ದಾರಿ. ಕೆಂಪು ಕಣ 2ರಿಂದ 6 ಡಿಗ್ರಿ ಫ್ರಿಜ್ಜಿನಾಗ, ಹಾಕಿದ ದ್ರಾವಣದ ಮ್ಯಾಲೆ 35 ಇಲ್ಲಾ 42 ದಿನ ಇರ್ತಾವ. ಪ್ಲಾಸ್ಮಾ ಮೈನಸ್ 30 ಡಿಗ್ರಿ ಫ್ರೀಜರ್‌ನಾಗ ಹೆಪ್ಪುಗಟ್ಟಿಸಿದ್ರ ಒಂದು ವರ್ಷ. ಪ್ಲೇಟ್‌ಲೆಟ್ ಮಾತ್ರ 20ರಿಂದ 24 ಡಿಗ್ರಿಯಾಗ, ಅಲ್ಲಾಡ್ತಾ ಅಲ್ಲಾಡ್ತಾ, ಬರೇ 5 ದಿನ.

ಹಂಗಾಗಿ ಸ್ಟಾಕ್ ಐತಿ ಅಂತ ರಕ್ತ ಕೇಂದ್ರದವ್ರು ಹೇಳಿದ್ರ ಯಾವುದರ ಸ್ಟಾಕ್ ಅಂತ ಕೇಳಬೇಕು. ಕೆಂಪು ಕಣದ ಚೀಲ ಫ್ರಿಜ್ಜಿನ ತುಂಬ ಇದ್ದು ಅದೇ ಹೊತ್ತಿಗೆ ಪ್ಲೇಟ್‌ಲೆಟ್ ಒಂದೂ ಇಲ್ಲದಿರೋದು ದಿನದ ಮಾತು. 2020ರಾಗ ಕಾನೂನಿನಾಗ ಬ್ಲಡ್ ಬ್ಯಾಂಕ್ ಅನ್ನೋ ಹೆಸರು ತಗದು ರಕ್ತ ಕೇಂದ್ರ ಅಂತ ಮಾಡ್ಯಾರ, ಆದ್ರ ನಮ್ಮ ಬಾಯಾಗ ಇನ್ನೂ ಬ್ಯಾಂಕೇ ಐತಿ, ಬ್ಯಾಂಕ್ ಅಂದ ಕೂಡ್ಲೆ ಇಟ್ಟದ್ದು ಬೇಕಾದಾಗ ತಗೋಬಹುದು ಅನ್ನೋ ಭಾವನೆ ತಾನಾಗೇ ಬರ್ತೈತಿ. ಅರ್ಧ ಗೊಂದಲ ಆ ಹೆಸರಿನಿಂದಾನೇ ಅಂತ ನನಗನಿಸ್ತೈತಿ. ಇನ್ನೊಂದು ಗೊಂದಲಾನೂ ಐತಿ, ಪ್ಲೇಟ್‌ಲೆಟ್‌ಗೆ ನಮ್ಮ ಮಂದಿ ಬಿಳಿ ರಕ್ತಕಣ ಅಂತಾರ. ಅದು ಬ್ಯಾರೆ, ಇದು ಬ್ಯಾರೆ. ಬಿಳಿ ಕಣ ಸೋಂಕಿನ ಕೂಡ ಜಗಳಾಡೋವು. ಪ್ಲೇಟ್‌ಲೆಟ್ ಅಂದ್ರ ಗಾಯ ಆದಲ್ಲಿ ಹೋಗಿ ಕುಂತು ರಕ್ತ ಸೋರೋದನ್ನ ಮುಚ್ಚೋ ಸಣ್ಣ ಸಣ್ಣ ಬಿಲ್ಲಿ. ಆರೋಗ್ಯವಂತರ ರಕ್ತದಾಗ ಒಂದು ಮೈಕ್ರೋಲೀಟರ್‌ಗೆ ಒಂದೂವರಿ ಲಕ್ಷದಿಂದ ನಾಲ್ಕೂವರಿ ಲಕ್ಷ ಇರ್ತಾವ, ಒಂದೊಂದರ ಆಯುಷ್ಯ 7ರಿಂದ 10 ದಿನ, ಆಮ್ಯಾಲೆ ಹಳೇವು ಹೋಗಿ ಮೂಳಿ ಮಜ್ಜಿಯಿಂದ ಹೊಸಾವು ಬರ್ತಾವ. ಮೈಯಾಗೇ ಹತ್ತು ದಿನದ ಮ್ಯಾಲೆ ಬದುಕದ್ದು ಚೀಲದಾಗ ಎಷ್ಟು ದಿನ ಬದುಕೀತು?

ಫ್ರಿಜ್ಜಿನಾಗ ಯಾಕ ಇಡಂಗಿಲ್ಲ

ಹಾಲು ಮೊಸರು ಎಲ್ಲಾ ಫ್ರಿಜ್ಜಿನಾಗ ಬಾಳಕಿ ಬರ್ತಾವ, ಇದು ಯಾಕ ಬರಂಗಿಲ್ಲ ಅಂತ ಕೇಳೋದು ಸಹಜ. ಮೊದಲು ಇದನ್ನೂ ಫ್ರಿಜ್ಜಿನಾಗೇ ಇಡ್ತಿದ್ರು. 1969ರಾಗ ಅಮೆರಿಕಾದ ಮರ್ಫಿ ಮತ್ತ ಗಾರ್ಡ್ನರ್ ಅನ್ನೋ ಇಬ್ರು 4 ಡಿಗ್ರಿಯಾಗ ಇಟ್ಟ ಪ್ಲೇಟ್‌ಲೆಟ್‌ನ್ನೂ 22 ಡಿಗ್ರಿಯಾಗ ಇಟ್ಟದ್ದನ್ನೂ ಹೋಲಿಸಿ ನೋಡಿದಾಗ, ತಂಪಿನಾಗ ಇಟ್ಟದ್ದು ಮೈಯೊಳಗ ಹೋದ ಮ್ಯಾಲೆ ಭಾಳ ಜಲ್ದಿ ಮಾಯ ಆಗ್ತಿತ್ತು, ಹೊರಗ ಇಟ್ಟದ್ದು ದಿನಗಟ್ಟಲೆ ಓಡಾಡ್ತಿತ್ತು.

ಕಾರಣ ಆಮ್ಯಾಲೆ ಒಂದೊಂದೇ ಗೊತ್ತಾತು. ಥಂಡಿ ಹತ್ತಿದ ಕೂಡ್ಲೆ ಚಪ್ಪಟಿ ಇದ್ದ ಪ್ಲೇಟ್‌ಲೆಟ್ ಗುಂಡಗಾಗಿ ಮೈತುಂಬ ಮುಳ್ಳು ಎಬ್ಬಿಸ್ಕೊಂತೈತಿ, ಅದರ ಮ್ಯಾಲ್ಮೈಯಾಗಿನ ಪ್ರೋಟೀನ್ ಗುಂಪುಗೂಡತಾವ, ಅಂಥದ್ದನ್ನ ರೋಗಿಗೆ ಹಾಕಿದ್ರ ಲಿವರ್ ಅದನ್ನ ಹಳೇದು, ಕೆಟ್ಟದ್ದು ಅಂತ ಗುರುತು ಹಿಡದು ನುಂಗಿಬಿಡ್ತೈತಿ. ಅಂದ್ರ ಚೀಲ ನೋಡಾಕ ಸರಿ ಇರ್ತೈತಿ, ಲೇಬಲ್ ಸರಿ ಇರ್ತೈತಿ, ಹಾಕಿದ್ದೂ ನಿಜ, ಆದ್ರ ಮರುದಿನ ಮುಂಜಾನೆ ಕೌಂಟ್ (ರಕ್ತದಾಗಿನ ಪ್ಲೇಟ್‌ಲೆಟ್ ಎಣಿಕಿ) ಏರಿರಂಗಿಲ್ಲ.

ಇದು ಗೊತ್ತಿಲ್ಲದ ಆಗೋ ಹಾನಿ ನಮ್ಮ ಕಡೆ ಸಣ್ಣದಲ್ಲ. ಗದಗಿನಾಗ ಅಡ್ಮಿಟ್ ಆದ ಪೇಷಂಟ್‌ಗೆ ಹುಬ್ಬಳ್ಳಿಯಿಂದ ಪ್ಲೇಟ್‌ಲೆಟ್ ಒಯ್ಯಾಕ ಮನಿಯವ್ರೇ ಬರ್ತಾರ, ಹೋದ ಸಲ ರಕ್ತ ಒಯ್ದಾಗ ಥರ್ಮಾಕೋಲ್ ಡಬ್ಬಿಯಾಗ ಐಸ್ ಪ್ಯಾಕ್ ಹಾಕಿದ್ರು ಅಂತ ಈ ಸಲಾನೂ ದಾರಿಯಾಗ ಐಸ್ ತುಂಬಸ್ತಾರ. ಕೆಂಪು ಕಣಕ್ಕ ಅದು ಸರಿ, ಇದಕ್ಕ ವಿಷ ಇದ್ದಂಗ. ಐಸ್ ಇಲ್ಲದ ಡಬ್ಬಿ ಸಾಕು, ಬಿಸಲಿಗೆ ಇಡಬಾರದು ಅಷ್ಟ. ಏಪ್ರಿಲ್ ಮೇದಾಗ ಬೈಕಿನ ಟ್ಯಾಂಕ್ ಕವರ್‌ನಾಗ ಇಟ್ಕೊಂಡು ಹೋದ್ರ ಅದೂ ಕೆಡತೈತಿ, 24 ಡಿಗ್ರಿ ದಾಟಬಾರದಲ್ಲ. ಇನ್ನ ವಾರ್ಡಿಗೆ ಬಂದ ಮ್ಯಾಲೆ ಡಾಕ್ಟರ್ ಬರೋತನ ಇರಲಿ ಅಂತ ಚೀಲಾನ ಫ್ರಿಜ್ಜಿನಾಗ ಇಟ್ಟುಬಿಟ್ರ ಅಲ್ಲಿತನ ಮಾಡಿದ್ದೆಲ್ಲಾ ನೀರಾಗ ಹೋತು. ತಂದ ಕೂಡ್ಲೆ ಹಾಕೋದೇ ಅದಕ್ಕ ದಾರಿ.

ತೊಟ್ಟಲಾ ತೂಗಿದಂಗ

ರಕ್ತ ಕೇಂದ್ರದಾಗ ಪ್ಲೇಟ್‌ಲೆಟ್ ಇಡೋ ಪೆಟ್ಟಿಗಿ ಒಳಗ ಅಡ್ಡಡ್ಡ ತಟ್ಟಿ ಇರ್ತಾವ, ತಟ್ಟಿ ಮ್ಯಾಲೆ ಚೀಲ ಮಲಗಿಸಿರ್ತಾರ, ಆ ತಟ್ಟಿ ಹಗಲು ರಾತ್ರಿ ಆ ಕಡೆ ಈ ಕಡೆ ಜರಗ್ತಾನೇ ಇರ್ತೈತಿ. ಅಜಿಟೇಟರ್ ಅಂತಾರ ಅದಕ್ಕ. ಮಂದಿ ನೋಡಿ ನಗ್ತಾರ, ಆದ್ರ ಕೆಲಸ ದೊಡ್ಡದು. ಚೀಲದೊಳಗ ಪ್ಲೇಟ್‌ಲೆಟ್ ಜೀವಂತ ಅದಾವ, ಸಕ್ಕರಿ ತಿಂತಾವ, ಉಸಿರಾಡ್ತಾವ. ಚೀಲದ ಪ್ಲಾಸ್ಟಿಕ್ಕೂ ಸಾದಾ ಪ್ಲಾಸ್ಟಿಕ್ ಅಲ್ಲ, ಆಕ್ಸಿಜನ್ ಒಳಗ ಬಿಟ್ಟು ಕಾರ್ಬನ್ ಡೈಆಕ್ಸೈಡ್ ಹೊರಗ ಬಿಡೋ ಅಂಥದ್ದು. ಅಲ್ಲಾಡದ ಒಂದೇ ಕಡೆ ಬಿದ್ರ ತಳದಾಗಿನವಕ್ಕ ಗಾಳಿ ಸಿಗಂಗಿಲ್ಲ, ಲ್ಯಾಕ್ಟಿಕ್ ಆಸಿಡ್ ಕೂಡತೈತಿ, ಪಿಎಚ್ ಇಳೀತೈತಿ ಅಂದ್ರ ಹುಳಿ ಏರ್ತೈತಿ, 6ರ ಹತ್ತಿರಕ್ಕ ಬಂತು ಅಂದ್ರ ಆ ಚೀಲ ಹೋದಂಗ. ದಾರಿಯಾಗ ಒಯ್ಯುವಾಗ ಕೆಲವು ತಾಸು ಅಲ್ಲಾಡದಿದ್ರೂ ನಡೀತೈತಿ, ಹಂಗಾಗಿ ಹುಬ್ಬಳ್ಳಿಯಿಂದ ಹಾವೇರಿ ದಾರಿಗೆ ಅದರ ಚಿಂತಿ ಬ್ಯಾಡ. ಕರೆಂಟ್ ಹೋದ್ರೂ ಮೊದಲು ಕಾಡೋದು ಅಲ್ಲಾಟ ನಿಂತಿದ್ದಲ್ಲ, ಪೆಟ್ಟಿಗಿ ಒಳಗಿನ ತಾಪಮಾನ. ಅದಕ್ಕ ಯುಪಿಎಸ್, ಜನರೇಟರ್ ಎರಡೂ ಬೇಕು.

ಚೀಲ ಚಲೋ ಐತಿಲ್ಲೋ ನೋಡಾಕ ಕೈಯಾಗೇ ಒಂದು ಪರೀಕ್ಷೆ ಐತಿ. ಚೀಲಾನ ಟ್ಯೂಬ್‌ಲೈಟ್ ಮುಂದ ಹಿಡದು ಮೆಲ್ಲಕ ತಿರುವ್ತಾರ. ಚಪ್ಪಟಿ ಪ್ಲೇಟ್‌ಲೆಟ್ ಬೆಳಕಿಗೆ ಮಿಂಚತಾವ, ರೇಷ್ಮಿ ಬಟ್ಟಿ ಅಲ್ಲಾಡಿಸಿದಾಗ ಹೊಳಪು ಸುಳಿಸುಳಿಯಾಗಿ ಓಡ್ತೈತಲ್ಲ ಹಂಗ. ಸುಳಿ ಕಂಡಿತು ಅಂದ್ರ ಜೀವ ಐತಿ. ಎಲ್ಲಾ ಮಂಕಾಗಿ ಹಾಲಿನಾಗ ಅರಿಷಿಣ ಕದಡಿದಂಗ ಕಂಡ್ರ ಅವು ಗುಂಡಗಾಗ್ಯಾವ ಅಂತ ಅರ್ಥ.

ಬಣ್ಣದ ಮಾತು ಬಂತಂತ ಹೇಳೋದು, 2022ರ ಅಕ್ಟೋಬರ್‌ನಾಗ ಪ್ರಯಾಗರಾಜ್‌ದಾಗ ಡೆಂಗ್ಯೂ ರೋಗಿಗೆ ಪ್ಲೇಟ್‌ಲೆಟ್ ಬದ್ಲಿ ಮೋಸಂಬಿ ಜ್ಯೂಸ್ ಹಾಕಿದ್ರು ಅಂತ ದೇಶ ಎಲ್ಲಾ ಸುದ್ದಿ ಆಗಿತ್ತು, ವಿಡಿಯೋ ನಮ್ಮ ಕಡೆ ಗ್ರೂಪಿನಾಗೂ ಓಡ್ಯಾಡಿತ್ತು. ಆಮ್ಯಾಲೆ ಪರೀಕ್ಷೆ ಮಾಡಿ ಅಲ್ಲಿನ ಅಧಿಕಾರಿಗಳು ಹೇಳಿದ್ದು ಅದು ಜ್ಯೂಸ್ ಅಲ್ಲ, ಸರಿಯಾಗಿ ಇಡದ ಪ್ಲೇಟ್‌ಲೆಟ್ ಅಂತ. ಜ್ಯೂಸಿನ ಸುದ್ದಿ ಓಡಿದಷ್ಟು ಈ ಎರಡನೇ ಸುದ್ದಿ ಓಡಲಿಲ್ಲ. ಇಡೋದ್ರಾಗ ತಪ್ಪಾದ್ರೂ ಹಾನಿ ಸಣ್ಣದಲ್ಲ ಅನ್ನೋದು ಇದ್ದದ್ದೇ ಆ ಎರಡನೇ ಸುದ್ದಿಯಾಗ.

ಹಂಗಾರ 5 ದಿನಾನೇ ಯಾಕ, 10 ಯಾಕಲ್ಲ

ಹೊರಗಿನ ಉಷ್ಣತೆಯಾಗ ಪ್ಲೇಟ್‌ಲೆಟ್ ಆರಾಮ ಇರ್ತೈತಿ ಅಂದ್ರ ಬ್ಯಾಕ್ಟೀರಿಯಾನೂ ಆರಾಮ ಇರ್ತೈತಿ. ದಾನಿಯ ತೋಳಿನ ಚರ್ಮ ಎಷ್ಟೇ ಸ್ಪಿರಿಟ್ ಹಚ್ಚಿ ಒರೆಸಿದ್ರೂ ಸೂಜಿ ಚುಚ್ಚುವಾಗ ಒಂದೆರಡು ಕ್ರಿಮಿ ಒಳಗ ಹೋಗೋ ಸಂಭವ ಇದ್ದೇ ಇರ್ತೈತಿ, ಫ್ರಿಜ್ಜಿನಾಗ ಇಟ್ಟ ಕೆಂಪು ಕಣದ ಚೀಲದಾಗ ಅವು ಥಂಡಿಗೆ ಹೆಚ್ಚು ಬೆಳೆಯಂಗಿಲ್ಲ, ಇಲ್ಲಿ 22 ಡಿಗ್ರಿ, ಸಕ್ಕರಿ, ಪ್ರೋಟೀನ್, ಗಾಳಿ ಎಲ್ಲಾ ಐತಿ, ಎರಡು ಇದ್ದದ್ದು ನಾಲ್ಕು ದಿನದಾಗ ಕೋಟಿ ಆಗಬಹುದು. ಅದಕ್ಕ ಈಗಿನ ಬ್ಯಾಗಿಗೆ ಸಣ್ಣ ಉಪಚೀಲ ಇರ್ತೈತಿ, ಮೊದಲು ಬರೋ ಕೆಲವು ಎಂಎಲ್ ರಕ್ತ ಅದಕ್ಕ ಹೋಗಿ ಚರ್ಮದ ಚೂರು ಅಲ್ಲೇ ಉಳೀಲಿ, ಅದೇ ರಕ್ತ ಟೆಸ್ಟಿಗೂ ಆಗಲಿ ಅಂತ.

ಅಮೆರಿಕಾದವ್ರು ಹೊಸ ಪ್ಲಾಸ್ಟಿಕ್ ಚೀಲ ಬಂದಾಗ 1984ರಾಗ ಅವಧಿಯನ್ನ 7 ದಿನಕ್ಕ ಏರಿಸಿದ್ರು. ಪ್ಲೇಟ್‌ಲೆಟ್ ತಡಕೊಂತು, ಆದ್ರ ಸೋಂಕಿನ ಕೇಸ್ ಬಂದ್ವು, 1986ರಾಗ ಮತ್ತ 5ಕ್ಕ ಇಳಿಸಿದ್ರು. ಹಂಗಾಗಿ ಈ 5 ದಿನದ ಮಿತಿ ಅನ್ನೋದು ಪ್ಲೇಟ್‌ಲೆಟ್ ಸಾಯೋ ದಿನ ಅಲ್ಲ, ಬ್ಯಾಕ್ಟೀರಿಯಾ ಬೆಳೆಯೋ ಹೆದರಿಕಿ ಮ್ಯಾಲೆ ಎಳೆದ ಗೆರಿ. ಆರನೇ ದಿನ ಚೀಲ ನೋಡಾಕ ಚಂದ ಇದ್ರೂ ಎಸೀಬೇಕು, ಎಸೆದವ್ರನ್ನ ಬೈಬಾರದು, ಎಸೀದಿದ್ರ ಬೈಬೇಕು.

5 ಅಂದ್ರ 5 ಸಿಗಂಗಿಲ್ಲ

ಲೆಕ್ಕ ಶುರು ಆಗೋದು ರಕ್ತ ಕೊಟ್ಟ ದಿನದಿಂದ. ರಕ್ತ ತಗೊಂಡ 6ರಿಂದ 8 ತಾಸಿನೊಳಗ ಪ್ಲೇಟ್‌ಲೆಟ್ ಬೇರ್ಪಡಿಸಬೇಕು. ಆಮ್ಯಾಲೆ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ ಐದೂ ಟೆಸ್ಟ್ ಕಡ್ಡಾಯ, ಅವು ಮುಗಿಯೋತನ ಚೀಲ ಕ್ವಾರಂಟೈನ್. ಭಾನುವಾರ ಶಿಬಿರ ಆದ್ರ ಕೈಗೆ ಸಿಗೋದು ಸೋಮವಾರ ಮಧ್ಯಾಹ್ನನೋ ಸಂಜೀಗೋ, ಶುಕ್ರವಾರಕ್ಕ ಮುಗೀತು. ನಿಜವಾಗಿ ಬಳಸಾಕ ಸಿಗೋದು ನಾಲ್ಕು ದಿನ, ನಡುವ ಒಂದು ರಜಾ ಬಂದ್ರ ಮೂರು.

ಈಗ ಒಂದು ಉದಾಹರಣೆ ಲೆಕ್ಕ ಹಾಕೋಣ, ಇವು ಯಾವ ದವಾಖಾನಿಯ ಅಂಕಿನೂ ಅಲ್ಲ. ಒಂದು ರಕ್ತ ಕೇಂದ್ರಕ್ಕ ದಿನಾ 20 ಪ್ಲೇಟ್‌ಲೆಟ್ ಚೀಲ ಬೇಡಿಕಿ ಐತಿ ಅನ್ರಿ. ಭಾನುವಾರ ದೊಡ್ಡ ಶಿಬಿರದಾಗ 200 ಯೂನಿಟ್ ಬಂತು, ಎಲ್ಲದರಿಂದಾನೂ ಪ್ಲೇಟ್‌ಲೆಟ್ ಮಾಡಿದ್ರು. ಮಂಗಳವಾರದಿಂದ ಶುಕ್ರವಾರತನ ನಾಲ್ಕು ದಿನ 20ರಂಗ 80 ಹೋತು. ಉಳಿದ 120 ಕಸಕ್ಕ. ಶನಿವಾರ ಬಂದ ಪೇಷಂಟ್‌ಗೆ ಒಂದೂ ಇಲ್ಲ. ಅದೇ 200 ಮಂದಿ ಹತ್ತು ದಿನ ದಿನಕ್ಕ 20ರಂಗ ಬಂದಿದ್ರ ಒಂದೂ ಹಾಳಾಗ್ತಿರಲಿಲ್ಲ, ಯಾರಿಗೂ ಇಲ್ಲ ಅನ್ನೋ ಪ್ರಸಂಗನೂ ಬರ್ತಿರಲಿಲ್ಲ. ಅಷ್ಟೇ ರಕ್ತ, ಅಷ್ಟೇ ದಾನಿಗಳು, ಬದಲಾಗಿದ್ದು ಬಂದ ದಿನ ಮಾತ್ರ. ಮ್ಯಾಲೆ ಹೇಳಿದ ಮೂರೂ ಸುದ್ದಿ ಹುಟ್ಟೋದು ಇಲ್ಲೇ. ಮತ್ತ ಆ 200 ಮಂದಿನ ಮುಂದಿನ ವಾರ ಕರಿಯಾಕೂ ಬರಂಗಿಲ್ಲ, ರಕ್ತ ಕೊಟ್ಟ ಗಂಡಸ್ರು 90 ದಿನ, ಹೆಂಗಸ್ರು 120 ದಿನ ಕಾಯಬೇಕು. ಒಂದೇ ದಿನ ಊರಿನ ದಾನಿಗಳನ್ನೆಲ್ಲಾ ಖರ್ಚು ಮಾಡಿ ಕುಂತಂಗ ಆತು.

ಖರೇ ಹೇಳಬೇಕಂದ್ರ ಶಿಬಿರದಿಂದ ಕೆಂಪು ಕಣ, ಪ್ಲಾಸ್ಮಾಕ್ಕ ಲಾಭ ಐತಿ, ಅವು ಉಳೀತಾವ. ಹೆರಿಗಿ, ಆ್ಯಕ್ಸಿಡೆಂಟ್, ಮ್ಯಾಲಿಂದ ಮ್ಯಾಲೆ ರಕ್ತ ಬೇಕಾಗೋ ಥಲಸ್ಸೇಮಿಯಾ ಮಕ್ಕಳಿಗೆ ಶಿಬಿರದ ರಕ್ತನೇ ಆಧಾರ. ಶಿಬಿರ ಬ್ಯಾಡ ಅನ್ನೋ ಮಾತಲ್ಲ ಇದು.

ಹಳ್ಳಿ ಶಿಬಿರಕ್ಕ ಇನ್ನೊಂದು ತೊಡಕು

ಹಿರೇಕೆರೂರನಾಗೋ ರೋಣದಾಗೋ ಶಿಬಿರ ಆತು ಅನ್ಕೋರಿ. ಮುಂಜಾನೆ 10ಕ್ಕ ಉದ್ಘಾಟನೆ ಅಂತ ಬ್ಯಾನರ್ ಇರ್ತೈತಿ, ಮುಖ್ಯ ಅತಿಥಿ 12ಕ್ಕ ಬರ್ತಾರ. ಮೊದಲು ಕೊಟ್ಟವನ ರಕ್ತ 10ಕ್ಕ ಚೀಲಕ್ಕ ಬಿತ್ತು, ಕಡೇದವನದ್ದು 3ಕ್ಕ, ಊಟ, ಸರ್ಟಿಫಿಕೇಟ್, ಫೋಟೋ ಮುಗಿಸಿ ಗಾಡಿ ಬಿಡೋದು 4ಕ್ಕ. ಬೇರ್ಪಡಿಸೋ ಮಷಿನ್ ಇರೋ ಕೇಂದ್ರ ಮುಟ್ಟೋದ್ರಾಗ ಮುಂಜಾನೆಯ ಚೀಲಗಳ ಟೈಮ್ ಮುಗದಿರ್ತೈತಿ. ಅವುಗಳಿಂದ ಕೆಂಪು ಕಣ ಸಿಗ್ತೈತಿ, ಪ್ಲೇಟ್‌ಲೆಟ್ ಸಿಗಂಗಿಲ್ಲ. ಇನ್ನ ದಾರಿಯಾಗ ಕೆಡದಿರಲಿ ಅಂತ ಎಲ್ಲಾ ಚೀಲ ಐಸಿಗೆ ಇಟ್ಟು ತಂದ್ರಂತೂ ಅಲ್ಲೇ ಮುಗೀತು, ಪ್ಲೇಟ್‌ಲೆಟ್ ಮಾಡಬೇಕಾದ ರಕ್ತ 20ರಿಂದ 24 ಡಿಗ್ರಿಯಾಗೇ ಬರಬೇಕು.

ಚೀಲದ ಮಾತೂ ಐತಿ. ಸಿಂಗಲ್ ಬ್ಯಾಗಿನಾಗ ತಗೊಂಡ ರಕ್ತ ಇಡಿಯಾಗೇ ಹೋಗಬೇಕು, ಬೇರ್ಪಡಿಸಾಕ ಬರಂಗಿಲ್ಲ. ಪ್ಲೇಟ್‌ಲೆಟ್ ಬೇಕಂದ್ರ ಮೂರು ಇಲ್ಲಾ ನಾಲ್ಕು ಚೀಲ ಒಂದಕ್ಕೊಂದು ಜೋಡಿಸಿದ ಬ್ಯಾಗ್ ಬೇಕು, ಅದಕ್ಕ ರೇಟ್ ಜಾಸ್ತಿ. ಮತ್ತ ಕಾಂಪೊನೆಂಟ್ ಮಾಡಾಕ ಲೈಸೆನ್ಸ್ ಬ್ಯಾರೆ ಬೇಕು, ಎಲ್ಲಾ ರಕ್ತ ಕೇಂದ್ರಕ್ಕೂ ಅದು ಇರಂಗಿಲ್ಲ, ತಾಲೂಕು ದವಾಖಾನಿಯಾಗಿನ ರಕ್ತ ಸಂಗ್ರಹ ಘಟಕ ಬರೇ ತಂದಿಟ್ಟು ಕೊಡೋ ಜಾಗ. ಹಿಂಗಾಗಿ ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟಿ ಎಲ್ಲಾ ಕಡಿಯಿಂದ ಕೇಸ್ ಗಂಭೀರ ಆತು ಅಂದ ಕೂಡ್ಲೆ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ದವಾಖಾನಿ ಕಿಮ್ಸ್ ಕಡೆನೋ ಖಾಸಗಿ ದವಾಖಾನಿ ಕಡೆನೋ ಹೊಂಟುಬಿಡ್ತಾರ, ನಾಲ್ಕು ಜಿಲ್ಲಾದ ಬೇಡಿಕಿ ಒಂದೇ ಊರಿನ ಮ್ಯಾಲೆ ಬೀಳ್ತೈತಿ.

ಆರ್‌ಡಿಪಿ, ಎಸ್‌ಡಿಪಿ ಅಂದ್ರೇನು

ಶಿಬಿರದ ರಕ್ತದಿಂದ ತಗದ ಸಣ್ಣ ಚೀಲಕ್ಕ ರ್ಯಾಂಡಮ್ ಡೋನರ್ ಪ್ಲೇಟ್‌ಲೆಟ್ ಅಂದ್ರ ಆರ್‌ಡಿಪಿ ಅಂತಾರ, 50ರಿಂದ 70 ಎಂಎಲ್, ದೊಡ್ಡವರಿಗೆ ಒಂದು ಹಾಕಿದ್ರ ಕೌಂಟ್ 5ರಿಂದ 10 ಸಾವಿರ ಏರಬಹುದು, ಅದಕ್ಕ ಒಮ್ಮೆಲೇ ನಾಲ್ಕರಿಂದ ಆರು ಹಾಕ್ತಾರ. ಎಸ್‌ಡಿಪಿ (ಸಿಂಗಲ್ ಡೋನರ್ ಪ್ಲೇಟ್‌ಲೆಟ್) ಅಂದ್ರ ಒಬ್ಬನೇ ದಾನಿಯನ್ನ ಮಷಿನ್‌ಗೆ ಜೋಡಿಸಿ, ರಕ್ತ ಹೊರಗ ಎಳೆದು, ಪ್ಲೇಟ್‌ಲೆಟ್ ಅಷ್ಟ ಇಟ್ಕೊಂಡು ಉಳಿದದ್ದನ್ನ ವಾಪಸ್ ಮೈಗೆ ಬಿಡೋದು. ಒಂದೂವರಿ ತಾಸು ಹಿಡೀತೈತಿ, ನಡುವ ದಾನಿಗೆ ತುಟಿ ಜುಂ ಜುಂ ಅಂತಾವ, ರಕ್ತ ಹೆಪ್ಪುಗಟ್ಟಬಾರದಂತ ಹಾಕೋ ಸಿಟ್ರೇಟ್ ಕ್ಯಾಲ್ಸಿಯಂ ಹಿಡಕೊಳ್ಳೋದಕ್ಕ ಹಂಗಾಗೋದು, ಕ್ಯಾಲ್ಸಿಯಂ ಗುಳಿಗಿ ಕೊಟ್ರ ಸರಿ ಹೋಗ್ತೈತಿ. ಇದು 30ರಿಂದ 60 ಸಾವಿರ ಏರಿಸ್ತೈತಿ. ಒಮ್ಮೆ ಬಳಸಿ ಎಸೆಯೋ ಕಿಟ್ ಭಾಳ ತುಟ್ಟಿ ಇರೋದಕ್ಕ ಆರ್‌ಡಿಪಿ ನೂರರ ಲೆಕ್ಕದಾಗ ಇದ್ರ ಎಸ್‌ಡಿಪಿ ಸಾವಿರಗಳ ಲೆಕ್ಕಕ್ಕ ಹೋಗ್ತೈತಿ, ಖಾಸಗಿಯಾಗ 10 ಸಾವಿರದ ಆಚೀಚೆ.

ಎಸ್‌ಡಿಪಿ ದಾನಿ 48 ತಾಸು ಬಿಟ್ಟು ಮತ್ತ ಕೊಡಬಹುದು, ವರ್ಷಕ್ಕ 24 ಸಲ ಮಿತಿ. ಆದ್ರ ತೂಕ 50 ಕೆಜಿ ಮ್ಯಾಲಿರಬೇಕು, ಸ್ವಂತ ಕೌಂಟ್ ಒಂದೂವರಿ ಲಕ್ಷದ ಮ್ಯಾಲಿರಬೇಕು, ಮೂರು ದಿನದಿಂದ ಆಸ್ಪಿರಿನ್ ತಗೊಂಡಿರಬಾರದು, ಕೈನರ ದಪ್ಪ ಇರಬೇಕು. ವಾಟ್ಸಾಪ್ ಮೆಸೇಜ್ ನೋಡಿ ರಾತ್ರಿ 11ಕ್ಕ ಹತ್ತು ಮಂದಿ ಓಡಿ ಬಂದ್ರೂ ಅವರೊಳಗ ನಡೆಯೋರು ಇಬ್ರೋ ಮೂವರೋ ಆಗೋದು ಇದಕ್ಕ. ಒಂದು ಮಾತು ಮೆಸೇಜ್ ಕಳಿಸೋರಿಗೆ: ಬಿ ನೆಗೆಟಿವ್‌ದೇ ಬೇಕು, ಬ್ಯಾರೆ ಆಗಂಗಿಲ್ಲ ಅಂತ ಬರೀತಾರಲ್ಲ, ಪ್ಲೇಟ್‌ಲೆಟ್ ವಿಷಯದಾಗ ಅಷ್ಟು ಬಿಗಿ ಇಲ್ಲ. ಅದರಾಗ ಕೆಂಪು ಕಣ ಭಾಳ ಕಡಿಮಿ ಇರೋದಕ್ಕ ಅದೇ ಗ್ರೂಪ್ ಸಿಕ್ರ ಚಲೋ, ಸಿಗದಿದ್ರ ಬ್ಯಾರೆ ಗ್ರೂಪಿಂದು ಹಾಕೋ ನಿರ್ಧಾರ ಡಾಕ್ಟರ್ ತಗೋಬಹುದು.

ಡ್ರಮ್ಮಿನ ನೀರು, ಡೆಂಗ್ಯೂ, ಕೌಂಟಿನ ಗುಂಗು

ಬೇಡಿಕಿ ಕಡೆಯಿಂದ ನೋಡಿದ್ರ ಗದ್ದಲ ಎಬ್ಬಸೋದು ಡೆಂಗ್ಯೂ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗೆ, ಗದಗ-ಬೆಟಗೇರಿಗೆ ನಳದ ನೀರು ದಿನಗಟ್ಟಲೆ ಬಿಟ್ಟು ಬರ್ತೈತಿ, ಹಂಗಾಗಿ ಮನಿಮನಿಗೆ ಡ್ರಮ್ಮು, ಸಿಂಟೆಕ್ಸು, ನೀರಿನ ತೊಟ್ಟಿ, ಕೊಡಪಾನ ತುಂಬಿಟ್ಕೋಬೇಕು, ಬಾಯಿ ತೆರೆದ ಚೊಕ್ಕ ನೀರು ಡೆಂಗ್ಯೂ ಹರಡೋ ಈಡಿಸ್ ಸೊಳ್ಳಿಗೆ ಹೇಳಿ ಮಾಡಿಸಿದ ಜಾಗ. ಲಾರ್ವಾ ನೋಡಾಕ ಬಂದ ಆಶಾ ಕಾರ್ಯಕರ್ತೆ ಡ್ರಮ್ಮಿನ ನೀರು ಚೆಲ್ರಿ ಅಂದ್ರ, ಮುಂದಿನ ಸಲ ನೀರು ಯಾವಾಗ ಬರ್ತೈತಿ ಅದನ್ನ ಮೊದಲು ಹೇಳ ತಂಗಿ ಅಂತಾರ ಮನಿಯವ್ರು. ಇಬ್ರ ಮಾತೂ ಖರೇನೇ. 2024ರಾಗ ರಾಜ್ಯದಾಗ ಕೇಸ್ 20 ಸಾವಿರ ದಾಟಿ, ಸೆಪ್ಟೆಂಬರ್‌ನಾಗ ಸರ್ಕಾರ ಡೆಂಗ್ಯೂನ ಸಾಂಕ್ರಾಮಿಕ ರೋಗ ಅಂತ ಅಧಿಸೂಚನೆ ಹೊರಡಿಸ್ತು.

ಡೆಂಗ್ಯೂದಾಗ ಪ್ಲೇಟ್‌ಲೆಟ್ ಇಳಿಯೋದು ನಿಜ. ಆದ್ರ ಹೆಚ್ಚು ಮಂದಿನ ಕೊಲ್ಲೋದು ಅದಲ್ಲ, ರಕ್ತನಾಳದಿಂದ ಪ್ಲಾಸ್ಮಾ ಸೋರಿ ಬಿಪಿ ಬೀಳೋದು. ಅದೂ ಜ್ವರ ಬಿಡೋ ಹೊತ್ತಿಗೆ, ಮನಿಯವ್ರು ಅಬ್ಬಾ ಜ್ವರ ಇಳೀತು ಅನ್ನೋ ಹೊತ್ತಿಗೇ ಶುರು ಆಗ್ತೈತಿ. ಹೊಟ್ಟಿನೋವು, ಮ್ಯಾಲಿಂದ ಮ್ಯಾಲೆ ವಾಂತಿ, ವಸಡಿನಾಗ ರಕ್ತ, ಕೈಕಾಲು ತಣ್ಣಗಾಗೋದು, ಮಂಕಾಗೋದು, ಇವೇ ನೋಡಬೇಕಾದ ಲಕ್ಷಣ, ಔಷಧ ಅಂದ್ರ ಲೆಕ್ಕ ಹಿಡದು ಕೊಡೋ ಸಲೈನ್. ಕೌಂಟ್ ಎರಡು ಮೂರು ದಿನ ತಳದಾಗ ಇದ್ದು ತಾನೇ ಏರ್ತೈತಿ. ರಕ್ತಸ್ರಾವ ಇಲ್ಲದಿದ್ರ 10 ಸಾವಿರದ ಕೆಳಗ ಇಳಿಯೋತನ ಪ್ಲೇಟ್‌ಲೆಟ್ ಹಾಕೋದು ಬ್ಯಾಡ ಅನ್ನೋದು ನಮ್ಮ ರಾಷ್ಟ್ರೀಯ ಮಾರ್ಗಸೂಚಿ. ಸಿಂಗಾಪುರ ಮತ್ತ ಮಲೇಷ್ಯಾದಾಗ 20 ಸಾವಿರ ಇಲ್ಲಾ ಅದಕ್ಕಿಂತ ಕಡಿಮಿ ಕೌಂಟ್ ಇದ್ದ, ರಕ್ತಸ್ರಾವ ಹೆಚ್ಚಿಲ್ಲದ ದೊಡ್ಡವರ ಮ್ಯಾಲೆ ಮಾಡಿದ ಅಧ್ಯಯನ 2017ರಾಗ ಪ್ರಕಟ ಆತು, ಮೊದಲೇ ಹಾಕಿದ್ರ ರಕ್ತಸ್ರಾವ ಕಡಿಮಿ ಆಗಲಿಲ್ಲ, ಅಡ್ಡಪರಿಣಾಮ ಹೆಚ್ಚಾತು. ಹಾಕಿದ ಪ್ಲೇಟ್‌ಲೆಟ್‌ನೂ ಆ ರೋಗ ನುಂಗ್ತೈತಿ, ಇದ್ದವನ್ನ ನುಂಗಿದಂಗೇ.

ಆದ್ರ ವಾರ್ಡಿನ ವ್ಯವಹಾರ ಬ್ಯಾರೆ. ದಿನಾ ಮುಂಜಾನೆ ಲ್ಯಾಬ್ ರಿಪೋರ್ಟ್ ಬರ್ತೈತಿ, 42 ಸಾವಿರ, ಮರುದಿನ 28, ಅದರ ಮರುದಿನ 19. ಕ್ರಿಕೆಟ್ ಸ್ಕೋರ್ ಕೇಳಿದಂಗ ಊರಿಂದ ಫೋನ್, ಈಗೆಷ್ಟೈತಿ, ಇನ್ನೂ ಯಾಕ ಹಾಕಿಲ್ಲ, ಏನಾರ ಆದ್ರ ನೀವೇ ಜವಾಬ್ದಾರಿ ನೋಡ್ರಿ ಡಾಕ್ಟರ್. ಮಾರ್ಗಸೂಚಿ ಗೊತ್ತಿದ್ದ ಡಾಕ್ಟರೂ ಆ ಒತ್ತಡಕ್ಕ ಬಗ್ಗತಾರ, ಹಾಕದಿದ್ದಾಗ ಹೆಚ್ಚು ಕಡಿಮಿ ಆದ್ರ ಗಲಾಟಿ ಆಗ್ತೈತಿ, ಹಾಕಿದಾಗ ಆದ್ರ ಎಲ್ಲಾ ಮಾಡಿದ್ವಿ ಅನ್ನಬಹುದು. ಬಿಲ್ ಏರೋದು ಕೆಲವರಿಗೆ ಅನುಕೂಲನೂ ಹೌದು ಅನ್ನೋ ಆರೋಪ ಇದ್ದೇ ಐತಿ, ಅದನ್ನ ಪೂರಾ ತಳ್ಳಿಹಾಕಾಕ ಬರಂಗಿಲ್ಲ.

ಹಿಂಗ ಬ್ಯಾಡಾಗಿದ್ದಕ್ಕ ಹೋದ ಚೀಲದ ಹೊರೆ ಬೀಳೋದು ಇನ್ನೊಬ್ರ ಮ್ಯಾಲೆ. ಲುಕೇಮಿಯಾ (ರಕ್ತದ ಕ್ಯಾನ್ಸರ್) ಇದ್ದು ಕಿಮೋ ತಗೊಳ್ಳೋ ಮಗುವಿನ ಮಜ್ಜಿ ವಾರಗಟ್ಟಲೆ ಪ್ಲೇಟ್‌ಲೆಟ್ ಮಾಡಂಗೇ ಇಲ್ಲ, ಅದಕ್ಕ ಬ್ಯಾರೆ ದಾರಿ ಇಲ್ಲ, ವಾರಕ್ಕ ಎರಡು ಮೂರು ಸಲ ಬೇಕು. ಅಂಥ ಪೇಷಂಟ್ ಪರವಾಗಿ ವಾಟ್ಸಾಪ್‌ನಾಗ ಗದ್ದಲ ಇರಂಗಿಲ್ಲ, ಮೊದಲ ವಾರ ಇರ್ತೈತಿ, ಆರನೇ ವಾರಕ್ಕ ಬಂಧು ಬಳಗನೂ ದಣೀತಾರ.

ಯಾರ ವಾದ ಏನು

ರಕ್ತ ಕೇಂದ್ರದವ್ರು ಹೇಳೋದು, ಬೇಡಿಕಿ ಮುಂಚೆ ಗೊತ್ತಾಗಂಗಿಲ್ಲ, ಹೆಚ್ಚು ಮಾಡಿದ್ರ ಎಸೆದ್ರು ಅಂತ ಬೈತೀರಿ, ಕಡಿಮಿ ಮಾಡಿದ್ರ ಇಲ್ಲ ಅಂದ್ರು ಅಂತ ಬೈತೀರಿ, ಒಂದಷ್ಟು ಹಾಳಾಗೋದು ಈ ವಸ್ತುವಿನ ಗುಣ. ಇದು ನ್ಯಾಯದ ಮಾತು, ಸೊನ್ನೆ ಹಾಳು ಅನ್ನೋ ಕೇಂದ್ರ ಯಾರಿಗೋ ಇಲ್ಲ ಅಂದಿರಲೇಬೇಕು. ಶಿಬಿರ ಮಾಡೋರ ವಾದ, ಹಬ್ಬ, ಜಯಂತಿ ಅಂದಾಗ ಬಂದಷ್ಟು ಮಂದಿ ಸುಮ್ಮನ ಮಂಗಳವಾರ ಬಾ ಅಂದ್ರ ಬರಂಗಿಲ್ಲ. ಇದೂ ಸುಳ್ಳಲ್ಲ. ಪೇಷಂಟ್ ಕಡೆಯವ್ರ ಸಿಟ್ಟು, ತಗೊಂಡ ರಕ್ತಕ್ಕ ಬದ್ಲಿ ದಾನಿ ತರ್ರಿ ಅನ್ನೋದ್ರ ಮ್ಯಾಲೆ, 2002ರ ರಾಷ್ಟ್ರೀಯ ರಕ್ತ ನೀತಿ ಸ್ವಯಂಪ್ರೇರಿತ ದಾನದ ಮ್ಯಾಲೇ ನಡೀಬೇಕು ಅಂತೈತಿ, ದವಾಖಾನಿ ಮಾತ್ರ ಮುಂಡರಗಿಯಿಂದ ಒಬ್ಬಾಕೆನೇ ಬಂದ ಹೆಣ್ಣುಮಗಳಿಗೂ ನಾಲ್ಕು ಮಂದಿ ಕರ್ಕೊಂಡ್ ಬರ್ರಿ ಅಂತೈತಿ. ಪರಊರಿನಾಗ ಆಕಿ ಯಾರನ್ನ ತರಬೇಕು? ಅಂಥ ಹೊತ್ತಿನಾಗೇ ಗೇಟಿನ ಹತ್ರ ರೊಕ್ಕ ತಗೊಂಡು ರಕ್ತ ಕೊಡೋ ಮನುಷ್ಯ ಕಾಣಿಸ್ಕೊಳ್ಳೋದು. ಸುಪ್ರೀಂ ಕೋರ್ಟ್ 1996ರಾಗ ತೀರ್ಪು ಕೊಟ್ಟು, 1998ರ ಜನವರಿಯಿಂದ ರೊಕ್ಕಕ್ಕ ರಕ್ತ ಕೊಡೋದು ಬಂದ್ ಆಗೇತಿ, ಯಾಕಂದ್ರ ಹಂಗ ಕೊಡೋನು ತನ್ನ ರೋಗ ಮುಚ್ಚಿಡ್ತಾನ.

ತಂತ್ರಜ್ಞಾನ ಏನಾರ ಕೈ ಹಿಡಿದೀತಾ

ಸ್ವಲ್ಪ. ಇಂಗ್ಲಂಡ್‌ನಾಗ 2011ರಿಂದ ಪ್ರತಿ ಚೀಲಕ್ಕ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿ 7 ದಿನ ಇಡ್ತಾರ. ಒಂದು ರಾಸಾಯನಿಕ ಸೇರಿಸಿ ಅಲ್ಟ್ರಾವಯಲೆಟ್ ಬೆಳಕು ಹಾಯಿಸಿ ಕ್ರಿಮಿ ಕೊಲ್ಲೋ ಪದ್ಧತಿನೂ ಐತಿ. ಎರಡಕ್ಕೂ ಪ್ರತಿ ಚೀಲಕ್ಕ ಖರ್ಚು ಏರ್ತೈತಿ, ನೂರರ ಲೆಕ್ಕದ ಆರ್‌ಡಿಪಿಗೆ ಸಾವಿರದ ಪರೀಕ್ಷೆ ಹೊಂದಂಗಿಲ್ಲ. ಮಜಾ ಅಂದ್ರ ಫ್ರಿಜ್ಜಿನ ಪ್ಲೇಟ್‌ಲೆಟ್ ವಾಪಸ್ ಬಂದೈತಿ. ಮೈಯಾಗ ಹೆಚ್ಚು ದಿನ ಉಳಿಯದಿದ್ರೂ ಸೋರೋ ಗಾಯಕ್ಕ ಆ ಕ್ಷಣದಾಗ ಅದು ಚಲೋ ಅಂಟತೈತಿ ಅಂತ, ಸಾದಾ ಪ್ಲೇಟ್‌ಲೆಟ್ ಸಿಗದಿದ್ದಾಗ ರಕ್ತಸ್ರಾವ ಆಗ್ತಿರೋರಿಗೆ 14 ದಿನದತನ ಇಟ್ಟದ್ದನ್ನ ಬಳಸಾಕ ಅಮೆರಿಕಾದಾಗ 2023ರಾಗ ದಾರಿ ಬಿಟ್ಟಾರ. ಕ್ಯಾನ್ಸರ್ ಪೇಷಂಟ್‌ಗೆ, ಕೌಂಟ್ ಏರಿಸಾಕ ಅದು ಉಪಯೋಗಿಲ್ಲ. ಹಂಗಾಗಿ ಅದನ್ನ ಓದಿ ಮನಿ ಫ್ರಿಜ್ಜಿಗೆ ಕೈ ಹಾಕಬ್ಯಾಡ್ರಿ.

ಹಿಂಗೇ ನಡದ್ರ

ಹಿಂಗೇ ನಡದ್ರ ಏನಾಗ್ತೈತಿ ಅನ್ನೋದು ಊಹೆ ಮಾಡಾಕ ಕಷ್ಟ ಇಲ್ಲ. ಆರ್‌ಡಿಪಿ ಸಿಗದ ಮಂದಿ ಎಸ್‌ಡಿಪಿ ಕಡೆ ಹೊರಳತಾರ, ನೂರರ ಕೆಲಸ 10 ಸಾವಿರಕ್ಕ ಹೋಗ್ತೈತಿ, ಸಾಲ ಆಗ್ತೈತಿ. ಎಸೆದ ಸುದ್ದಿ ಓದಿದವ್ರು ನಾನ್ಯಾಕ ಕೊಡಬೇಕು ಅಂತ ಹಿಂದ ಸರೀತಾರ, ದಾನಿ ಕಡಿಮಿ ಆದಂಗ ಕೊರತಿ ಇನ್ನೂ ಹೆಚ್ಚಾಗ್ತೈತಿ. ಕೇಂದ್ರ ಸರ್ಕಾರದ ಇ-ರಕ್ತಕೋಶ ಅನ್ನೋ ಪೋರ್ಟಲ್‌ನಾಗ ಯಾವ ಕೇಂದ್ರದಾಗ ಏನೈತಿ ನೋಡಬಹುದು, ಆದ್ರ ಪ್ಲೇಟ್‌ಲೆಟ್ ತಾಸಿಗೊಮ್ಮೆ ಬದಲಾಗೋ ಸ್ಟಾಕ್, ಫೋನ್ ಮಾಡೇ ಹೋಗಬೇಕು. ಪೋರ್ಟಲ್‌ಗಿಂತ ಕೆಲಸಕ್ಕ ಬರೋದು ದಾನಿಗಳ ಪಟ್ಟಿ. ಹುಬ್ಬಳ್ಳಿ, ಧಾರವಾಡದಾಗ ಕಾಲೇಜು, ಹಾಸ್ಟೆಲ್ ಎಷ್ಟಿಲ್ಲ, ಆಗಸ್ಟ್‌ನಿಂದ ನವೆಂಬರ್‌ತನ ಒಂದೊಂದು ಕಾಲೇಜಿನಿಂದ ದಿನಾ ನಾಲ್ಕೈದು ಮಂದಿ ಅಂತ ಸರದಿ ಹಚ್ಚಿದ್ರ ಬ್ಯಾನರ್ ಇಲ್ಲದ ಕೆಲಸ ಆಗ್ತೈತಿ. ಬ್ಯಾನರ್ ಇಲ್ಲ ಅನ್ನೋದೇ ಅದರ ತೊಂದ್ರಿ ಅನ್ರಿ.

ಶಿಬಿರನೇ ಮಾಡ್ತೀವಿ ಅನ್ನೋರು ರಕ್ತ ಕೇಂದ್ರಕ್ಕ ಫೋನ್ ಹಚ್ಚಿ ಮೂರು ಪ್ರಶ್ನೆ ಕೇಳಬಹುದು. ಯಾವ ಬ್ಯಾಗ್ ತರ್ತೀರಿ? ಮೊದಲ ಗಾಡಿ ಎಷ್ಟು ಗಂಟೆಗೆ ವಾಪಸ್ ಬಿಡ್ತೀರಿ? ಆ ವಾರ ನಿಮಗ ಪ್ಲೇಟ್‌ಲೆಟ್ ಬೇಕಾ, ಬ್ಯಾಡಾ? ಮೊದಲೆರಡಕ್ಕ ಉತ್ತರ ಸಿಗ್ತೈತಿ. ಮೂರನೇದಕ್ಕ, ಈ ಭಾನುವಾರ ಮತ್ತ ಎರಡು ಶಿಬಿರ ಅದಾವ್ರಿ, ಹತ್ತು ದಿನ ಮುಂದ ಹಾಕ್ರಲ್ಲ ಅಂತ ಆ ಕಡಿಯಿಂದ ಬಂದ್ರ ಏನು ಮಾಡ್ತೀರಿ ಅನ್ನೋದೇ ಪ್ರಶ್ನೆ. ಮೈಯಾಗಿನ ರಕ್ತ ಹತ್ತು ದಿನ ಕಾಯತೈತಿ, ದಾನಿಯೂ ಕಾಯ್ತಾನ, ಸಾಹೇಬ್ರ ಹುಟ್ಟುಹಬ್ಬ ಮಾತ್ರ ಮುಂದ ಹೋಗಂಗಿಲ್ಲ.